ಪಾರ್ಶ್ವವಾಯುವಿನ ನಂತರದ ತೋಳಿನ ವ್ಯಾಯಾಮ ಮತ್ತು ಮಣಿಕಟ್ಟಿನ ನರಗಳು

ಪಾರ್ಶ್ವವಾಯು ಮೂಲತಃ ಮೆದುಳಿನ ವ್ಯಾಧಿ. ಮೆದುಳಿನ ಒಂದು ಭಾಗಕ್ಕೆ ರಕ್ತಪೂರೈಕೆ ಕಡಿದಾಗ ಅಥವಾ ಅಲ್ಲಿ ರಕ್ತಸ್ರಾವವಾದಾಗ ಸಾಮಾನ್ಯವಾಗಿ ದೇಹದ ವಿರುದ್ಧ ಪಾರ್ಶ್ವದ ಕೈಕಾಲುಗಳು ಶಕ್ತಿಗುಂದುತ್ತವೆ. ತೋಳಿನ ನರಗಳಿಗೆ ನೇರವಾದ ಪೆಟ್ಟು ಬಿದ್ದಿರುವುದಿಲ್ಲ. ಆದುದರಿಂದಲೇ ಪುನಶ್ಚೇತನದ ಚರ್ಚೆ ಮೆದುಳು ಮತ್ತು ಸ್ನಾಯುಗಳ ಸುತ್ತಲೇ ನಡೆದು, ಇವೆರಡನ್ನೂ ಬೆಸೆಯುವ ನರಗಳು ಅಲಕ್ಷ್ಯಕ್ಕೆ ಒಳಗಾಗುವುದುಂಟು. ವ್ಯಾಯಾಮವು ಮಣಿಕಟ್ಟಿನ ನರಗಳ ಮೇಲೆ ಬೀರುವ ಪರಿಣಾಮವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸುರಂಗದ ರಚನೆ

ಮಣಿಕಟ್ಟಿನ ಅಂಗೈ ಬದಿಯಲ್ಲಿ ಕಿರುಮೂಳೆಗಳೇ ತಳವಾಗಿ, ಗಡುಸಾದ ಅಸ್ಥಿರಜ್ಜುವೇ ಚಾವಣಿಯಾಗಿ ಇರುವ ಇಕ್ಕಟ್ಟಾದ ಹಾದಿಯನ್ನು ಕಾರ್ಪಲ್ ಸುರಂಗವೆನ್ನುತ್ತಾರೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೊಡನೆ ಮೀಡಿಯನ್ ನರವೂ ಇದರಲ್ಲಿ ಹಾಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ ಈ ನರದ್ದು. ಕಿರುಬೆರಳಿನ ಕಡೆಯ ಅಲ್ನಾರ್ ನರಕ್ಕೆ ಬೇರೊಂದು ಹಾದಿಯುಂಟು.

ಅಮೆರಿಕದ ಗೆಲ್ಬರ್‌ಮನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಮಾಪನಗಳ ಪ್ರಕಾರ, ಆರೋಗ್ಯವಂತರಲ್ಲಿ ಸುರಂಗದ ಒತ್ತಡ ಸರಾಸರಿ 2.5 ಮಿ.ಮೀ. ಪಾದರಸ, ಮಣಿಕಟ್ಟನ್ನು ಪೂರ್ತಿ ಮಡಿಸಿದಾಗ ಅದು 31ಕ್ಕೇರುತ್ತದೆ. ನರ ಅದುಮಿಹೋದ ರೋಗಿಗಳಲ್ಲಿ ವಿಶ್ರಾಂತಿಯಲ್ಲಿಯೇ ಒತ್ತಡ 32ರಷ್ಟಿದ್ದು, ಮಡಿಸಿದಾಗ 94ಕ್ಕೆ ತಲಪುತ್ತದೆ.

ಬಾಧಿತ ಕೈ

ಪಾರ್ಶ್ವವಾಯು ತಗುಲಿದ ಕೆಲವು ವಾರಗಳ ನಂತರ ಅನೇಕರಲ್ಲಿ ಸ್ನಾಯುಗಳು ಬಿಗಿದು, ಮಣಿಕಟ್ಟು ಒಳಕ್ಕೆ ಬಾಗಿ, ಮುಷ್ಟಿ ಕಟ್ಟಿಕೊಳ್ಳುತ್ತದೆ. ಚಲನೆಯಿಲ್ಲದ ಕೈಯಲ್ಲಿ ಬಾವೂ ಸೇರಿದರೆ ಸುರಂಗ ಮತ್ತಷ್ಟು ಇಕ್ಕಟ್ಟಾಗುತ್ತದೆ. ಮೃದುವಾದ, ಪುನರಾವರ್ತಿತ ಚಲನೆಯಿಂದ ನರವು ತನ್ನ ಹಾದಿಯಲ್ಲಿ ಹಿಂದುಮುಂದಾಗಿ ಜಾರುತ್ತದೆ. ಬಾವು ಇಳಿಯಲು ನೆರವಾಗುತ್ತದೆ. ಆದರೆ ಹಿಂದಕ್ಕೆ ಬಾಗಿದ ಅಂಗೈಯ ಮೇಲೆ ದೀರ್ಘಕಾಲ ದೇಹಭಾರ ಹೇರಿದರೆ ಒತ್ತಡ ಪುನಃ ಏರುತ್ತದೆ.

2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಪ್ರಯೋಗದಲ್ಲಿ 222 ಮಂದಿ ಭಾಗವಹಿಸಿದ್ದರು. ಚಿಕಿತ್ಸೆ ಪಡೆದವರು ಎರಡು ವಾರ, ಎಚ್ಚರವಿರುವ ಅವಧಿಯ ಶೇಕಡ 90ರಷ್ಟು ಕಾಲ ಒಳ್ಳೆಯ ಕೈಗೆ ಗವಸು ತೊಟ್ಟು ಬಾಧಿತ ಕೈಯನ್ನೇ ದುಡಿಸಬೇಕಿತ್ತು. ಅವರ ಕೈಬಳಕೆ ಗಮನಾರ್ಹವಾಗಿ ಸುಧಾರಿಸಿತು. ಇಂತಹ ಲಾಭಕ್ಕೆ ಮೆದುಳಿನ ಮರುಸಂಘಟನೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಎಂದರೆ, ಕೈ ಚುರುಕಾಯಿತೆಂಬ ಮಾತ್ರಕ್ಕೆ ಮಣಿಕಟ್ಟಿನ ನರ ಸುಸ್ಥಿತಿಯಲ್ಲಿದೆಯೆಂದು ಹೇಳಲಾಗದು.

ಒಳ್ಳೆಯ ಕೈಯ ಹೊರೆ

ಊರುಗೋಲು ಹಿಡಿಯುವುದು, ಗಾಲಿಕುರ್ಚಿ ನೂಕುವುದು, ಅಂಗೈಯೂರಿ ನೆಲದಿಂದೇಳುವುದು ಎಲ್ಲವೂ ಒಳ್ಳೆಯ ಕೈಯ ಪಾಲಿಗೆ ಬರುತ್ತವೆ. ಪಾರ್ಶ್ವವಾಯು ರೋಗಿಗಳ ಬಾಧೆಯಿಲ್ಲದ ಕೈಯಲ್ಲಿಯೂ ಮೀಡಿಯನ್ ನರ ಅದುಮಲ್ಪಡುವುದನ್ನು ಜಪಾನಿನ ಸಾಟೊ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು. ಇರುವ ಒಂದೇ ಕೈಯೂ ಸೋತರೆ ಉಣ್ಣುವುದು, ಉಡುವುದು ಪರಾಧೀನವಾಗುತ್ತದೆ. ಮಾತು ಕಳೆದುಕೊಂಡ ರೋಗಿಯಂತೂ ಜೋಮನ್ನು ಹೇಳಿಕೊಳ್ಳಲಾರ. ರಾತ್ರಿ ಹೆಚ್ಚುವ, ಕೈ ಕೊಡವಿದರೆ ತಗ್ಗುವ ಮೂರು ಬೆರಳುಗಳ ಜೋಮು ಮಣಿಕಟ್ಟಿನತ್ತ ಬೆರಳು ತೋರುತ್ತದೆ. ಥಟ್ಟನೆ ತೋಳು ಸೋತರೆ, ಮುಖ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಮತ್ತೊಂದು ಆಘಾತವಿರಬಹುದು; ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಾಪನದ ಎಚ್ಚರ

ನರವಹನ ಪರೀಕ್ಷೆಯಿಂದ ಅದುಮುವಿಕೆಯನ್ನು ಗುರುತಿಸಬಹುದು. ಆದರೆ ಚರ್ಮದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವಹನವೇಗ ಸೆಕೆಂಡಿಗೆ ಸುಮಾರು 2 ಮೀಟರ್ ತಗ್ಗುತ್ತದೆ. ಬಾಧಿತ ಕೈ ಹಲವೊಮ್ಮೆ ತಣ್ಣಗಿರುತ್ತದೆ, ವ್ಯಾಯಾಮದಿಂದ ಬಿಸಿಯೇರುತ್ತದೆ. ಉಷ್ಣತೆಯನ್ನು ಸಮಗೊಳಿಸದೆ ಅಳೆದರೆ ಬಿಸಿಯ ಫಲವನ್ನೇ ನರದ ಚೇತರಿಕೆಯೆಂದು ಭ್ರಮಿಸುವ ಅಪಾಯವಿದೆ.

ಉಪಸಂಹಾರ

ತೋಳಿನ ವ್ಯಾಯಾಮ ಅಗತ್ಯ. ಅದನ್ನು ಕೈಬಿಡಲು ಇಲ್ಲಿ ಯಾವ ಕಾರಣವೂ ಇಲ್ಲ. ಮಣಿಕಟ್ಟನ್ನು ಆದಷ್ಟು ನೇರವಾಗಿರಿಸುವುದು, ಅಂಗೈಯ ಮೇಲಿನ ಭಾರಕ್ಕೆ ಮಿತಿ ಹಾಕುವುದು, ಎರಡೂ ಕೈಗಳ ಸ್ಪರ್ಶವನ್ನು ಆಗಾಗ್ಗೆ ಪರೀಕ್ಷಿಸುವುದು ಅದರ ಅಂಗಗಳಾಗಬೇಕು. ಬಿದ್ದ ಕೈಯನ್ನು ಎತ್ತುವ ಪ್ರಯತ್ನದಲ್ಲಿ ನಿಂತ ಕೈಯನ್ನು ಮರೆಯಬಾರದು.