ಹಳೇ ಡೈವ್ ವಾಚು: ಹೊಳಪು ನೋಡಬೇಡಿ, ಅಸಲಿ ನೋಡಿ

ನಮ್ಮಲ್ಲಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅಜ್ಜನ ಕಾಲದ ಫೇವರ್ ಲ್ಯೂಬಾ ವಾಚು ಈಗಲೂ ಇದೆ. ಡಯಲ್ ಮೇಲೆ 'ಸೀ ಕಿಂಗ್', 'ಸೀ ಚೀಫ್' ಅಂತ ಬರೆದಿರುತ್ತೆ. ಹೆಸರಲ್ಲಿ ಸಮುದ್ರ ಇದ್ದ ಮಾತ್ರಕ್ಕೆ ಅದು ಡೈವ್ ವಾಚು ಆಗಲ್ಲ. ಸಂಗ್ರಹ ಶುರು ಮಾಡುವವರು ಕಲಿಯಬೇಕಾದ ಮೊದಲ ಪಾಠ ಇದೇ.

ಡೈವ್ ವಾಚು ಮುಳುಗುಗಾರರ ಉಪಕರಣ. 1953ರ ಆಸುಪಾಸಿನಲ್ಲಿ ಬಂದ ಬ್ಲಾಂಕ್‌ಪೇನ್ 'ಫಿಫ್ಟಿ ಫ್ಯಾದಮ್ಸ್', ರೋಲೆಕ್ಸ್ 'ಸಬ್‌ಮರೀನರ್' ಇದಕ್ಕೆ ಮಾದರಿ ಹಾಕಿಕೊಟ್ಟವು. ಗಾಜಿನ ಸುತ್ತ ತಿರುಗುವ ಬಳೆ ಇರುತ್ತೆ, ಅದೇ ಬೆಜೆಲ್. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟರೆ, ಎಷ್ಟು ನಿಮಿಷ ಕಳೆಯಿತು ಅಂತ ಕಾಣುತ್ತೆ. ಲೆಕ್ಕ ತಪ್ಪಿದರೆ ಉಸಿರಿಗೇ ಅಪಾಯ. ಇಂದಿನ ಐಎಸ್‌ಒ 6425 ಮಾನದಂಡದಂತೆ ಕನಿಷ್ಠ 100 ಮೀಟರ್ ಆಳ ತಡೆಯಬೇಕು.

ಹಾಗಾದರೆ ಹಳೇ ವಾಚಿನ ಬೆಲೆ ತಿಳಿಯೋದು ಹೇಗೆ? ಡಯಲ್, ಮುಳ್ಳು, ಬೆಜೆಲ್, ಒಳಗಿನ ಯಂತ್ರ ಎಲ್ಲವೂ ಕಾರ್ಖಾನೆಯಿಂದ ಒಟ್ಟಿಗೇ ಬಂದವೇ ಅಂತ ಮೊದಲು ನೋಡಿ. ಅಪರೂಪದ ಮಾದರಿಯೇ, ಬಿಲ್ಲು-ಡಬ್ಬಿ ಇದೆಯೇ ಅನ್ನೋದು ಆಮೇಲೆ.

ಕತ್ತಲಲ್ಲಿ ಹೊಳೆಯುವ ಬಣ್ಣವೇ ಒಳ್ಳೆಯ ಸಾಕ್ಷಿ. 1960ರ ದಶಕದ ಆರಂಭದವರೆಗೆ ರೇಡಿಯಂ ಬಳಸುತ್ತಿದ್ದರು, ಆಮೇಲೆ ಟ್ರಿಟಿಯಂ ಬಂತು. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ 1965ರ ವಾಚು ಇವತ್ತೂ ರಾತ್ರಿಯಿಡೀ ಹೊಳೆದರೆ, ಯಾರೋ ಹೊಸ ಬಣ್ಣ ಬಳಿದಿದ್ದಾರೆ ಅಂತಲೇ ಅರ್ಥ. ಮುಳ್ಳಿನ ಬಣ್ಣ, ಡಯಲಿನ ಚುಕ್ಕಿಯ ಬಣ್ಣ ಬೇರೆ ಬೇರೆ ಇದ್ದರೂ ಅನುಮಾನಪಡಿ. ರೇಡಿಯಂ ಪುಡಿ ಹಾನಿಕರ, ಮನೆಯಲ್ಲಿ ವಾಚು ಬಿಚ್ಚಿ ಕೆರೆಯಬೇಡಿ.

ಕಣ್ಣು ಪಳಗಿಸಲು ದುಬಾರಿ ವಾಚೇ ಬೇಕಿಲ್ಲ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ವಾಚು ತಯಾರಿ ಶುರು ಮಾಡಿತು. ಆ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಸರ್ಕಾರ 2016ರಲ್ಲಿ ತೆಗೆದುಕೊಂಡಿತು. ಅದರ 'ಜನತಾ', 'ಪೈಲಟ್' ಡೈವ್ ವಾಚುಗಳಲ್ಲ. ಆದರೆ ಡಯಲಿಗೆ ಹೊಸ ಬಣ್ಣ ಬಳಿದ ಇಂಥ ಹಳೇ ವಾಚುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂನಲ್ಲಿ ಅಸಲಿ ಅಕ್ಷರಗಳ ಅಂಚು ನೋಡಿ ಬನ್ನಿ, ನಕಲಿ ತಾನಾಗಿಯೇ ಕಾಣತೊಡಗುತ್ತೆ.

ಮನೆಯ ಹಳೇ ವಾಚಿಗೆ ಪಾಲಿಶ್ ಹೊಡೆಸಬೇಡಿ, ಡಯಲಿಗೆ ಬಣ್ಣ ಬಳಿಸಬೇಡಿ. ಹೊಸದಾಗಿ ಕಂಡಷ್ಟೂ ಅದರ ಬೆಲೆ ಇಳಿಯುತ್ತೆ. ಒಳಗಿನ ರಬ್ಬರ್ ಗಟ್ಟಿಯಾಗಿರುತ್ತೆ, ಡೈವ್ ವಾಚಾದರೂ ನೀರಿಗೆ ಇಳಿಸಬೇಡಿ. ಮಾರುವುದಾದರೆ ಯಾವ ಭಾಗ ಬದಲಾಗಿದೆ ಅಂತ ಹೇಳಿಯೇ ಮಾರಿ. ಐಬು ಮುಚ್ಚಿಟ್ಟರೆ ಒಂದು ವಾಚು ಮಾರಾಟವಾದೀತು, ಕೊಳ್ಳುವವನು ಮತ್ತೆ ನಿಮ್ಮ ಬಾಗಿಲಿಗೆ ಬರಲ್ಲ.