ನಿದ್ರೆಯಲ್ಲಿರುವ ಚಿಪ್ಪನ್ನು ಎಬ್ಬಿಸುವ ಬಗೆ



ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ರಾಯಚೂರು ಜಿಲ್ಲೆಯ ಕಾಲುವೆಯ ಮಾತೇಕೆ ಎಂದು ತಾವು ಕೇಳಬಹುದು. ನನ್ನ ಮಗಳನ್ನು ಸಿಂಧನೂರಿಗೆ ಕೊಟ್ಟಿದೆ. ಅಲ್ಲಿಗೆ ಹೋಗಿದ್ದಾಗ ಕಂಡ ಒಂದು ಸಣ್ಣ ಉಪಕರಣ ನಮ್ಮ ತೋಟಗಳಿಗೂ ಒದಗುವಂಥದು. ಆದುದರಿಂದ ಈ ಲೇಖನ.

ಸಿಂಧನೂರು, ಮಸ್ಕಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಲಿಂಗಸುಗೂರಿನ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯದು. ಕೊನೆಭಾಗದ ರೈತನಿಗೆ ನೀರು ಯಾವಾಗ ಬಂದೀತೆಂಬ ಖಾತ್ರಿಯಿಲ್ಲ. ನಡುರಾತ್ರಿ ಬಂದು ಬೆಳಗಾಗುವುದರೊಳಗೆ ಇಳಿದುಹೋದರೆ ಆ ಸರದಿ ತಪ್ಪಿದಂತೆಯೇ. ಮಸ್ಕಿ ಹತ್ತಿರದ ನಮ್ಮ ಅಳಿಯನ ಹೊಲದ ಪಾಡೂ ಇದೇ. ಅವರ ತಮ್ಮನಿಗೆ ಲಿಂಗಸುಗೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ಆತ ಹೊಲಗಾಲುವೆಯಲ್ಲಿ ತೇಲುವ ಸ್ವಿಚ್ ಒಂದನ್ನಿಟ್ಟು, ಅದರ ತಂತಿಯನ್ನು ಗುಡಿಸಲಿನ ಮೈಕ್ರೋಕಂಟ್ರೋಲರ್ ಚಿಪ್ಪಿಗೂ ಚಿಪ್ಪನ್ನು ಗಂಟೆಗೂ ಜೋಡಿಸಿದ್ದ.

ಗಂಟೆಗೆ ನೇರ ತಂತಿ ಎಳೆದರೆ ಸಾಲದೇ ಎಂದೆ. ಹಾಗೆ ಮಾಡಿದರೆ ನೀರು ಇರುವಷ್ಟು ಹೊತ್ತೂ ಗಂಟೆ ಬಾರಿಸುತ್ತಲೇ ಇರುತ್ತದೆ; ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ನಿಂತಿತು ಎಂಬ ದಾಖಲೆ ಉಳಿಯುವುದಿಲ್ಲ. ಕಚೇರಿಯಲ್ಲಿ ಮಾತನಾಡಲು ದಾಖಲೆ ಬೇಕು ಎಂದ. ನ್ಯಾಯವಾದ ಮಾತು. ಆದರೆ, "ಮಾವಾರ, ಎರಡ ದಿನಕ್ಕ ಬ್ಯಾಟರಿ ಖಲಾಸ್ ಆತ್ರಿ" ಎಂದು ತಲೆ ಕೆರೆದುಕೊಂಡ.

ಕಾರಣ ಸರಳ. ಆ ಚಿಪ್ಪು ಬಿಡುವಿಲ್ಲದೆ "ನೀರು ಬಂತೇ, ನೀರು ಬಂತೇ" ಎಂದು ಸ್ವಿಚ್ಚನ್ನು ನೋಡುತ್ತಲೇ ಇತ್ತು. ಅತಿಥಿ ಬಂದರೇ ಎಂದು ರಾತ್ರಿಯಿಡೀ ಬಾಗಿಲು ತೆರೆದು ನೋಡುವವನಿಗೆ ನಿದ್ರೆ ಎಲ್ಲಿಯದು? ಬಂದವರು ಚಿಲಕ ಬಡಿಯುತ್ತಾರೆಂಬ ನಂಬಿಕೆಯಿದ್ದರೆ ಮಲಗಬಹುದು. ಚಿಪ್ಪಿನ ಒಂದು ಕಾಲನ್ನು, ಎಂದರೆ ಪಿನ್ನನ್ನು, ಇಂಥ ಚಿಲಕವಾಗಿ ಮಾಡುವುದಕ್ಕೆ ಪಿನ್ ಇಂಟರಪ್ಟ್ ಎನ್ನುತ್ತಾರೆ.

ಲೆಕ್ಕ ನೋಡಿ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ ಸುಮಾರು 2000 ಮಿಲಿಆಂಪಿಯರ್-ಗಂಟೆ ಕೊಡುತ್ತದೆ. ಮೂರನ್ನು ಸಾಲಾಗಿ ಜೋಡಿಸಿದರೆ 4.5 ವೋಲ್ಟ್, ಸಾಮರ್ಥ್ಯ ಅಷ್ಟೇ. ಅಂಗಡಿಯಲ್ಲಿ ಸಿಗುವ ಆರ್ಡುಯಿನೋ ಉನೋ ಬೋರ್ಡು ದೀಪ, ಯುಎಸ್‌ಬಿ ಭಾಗ ಎಲ್ಲ ಸೇರಿ 40ರಿಂದ 50 ಮಿಲಿಆಂಪಿಯರ್ ಎಳೆಯುತ್ತದೆ. ಎರಡು ದಿನಕ್ಕೆ ಸೆಲ್ ಮುಗಿಯುವುದು ಸಹಜ. ಅದೇ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್ಪನ್ನು ಮಾತ್ರ ಬೇರೆಯಾಗಿ ಹಾಕಿ, 8 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಿದರೆ ಸುಮಾರು 5 ಮಿಲಿಆಂಪಿಯರ್, ಹದಿನಾರು ದಿನ. ಅದನ್ನು ಗಾಢ ನಿದ್ರೆಗೆ ಕಳಿಸಿದರೆ ಒಂದು ಮೈಕ್ರೋಆಂಪಿಯರ್‌ಗೂ, ಎಂದರೆ ಮಿಲಿಆಂಪಿಯರಿನ ಸಾವಿರದ ಒಂದು ಪಾಲಿಗೂ, ಕಡಿಮೆ. ಆಗ ಚಿಪ್ಪು ಉಣ್ಣುವುದಕ್ಕಿಂತ ಸೆಲ್ಲು ತಾನಾಗಿ ಸವೆಯುವುದೇ ಹೆಚ್ಚು.

ಮಾಡುವ ಕ್ರಮ ಹೀಗೆ:

1. ಪಿನ್ನನ್ನು ಒಳಬರುವ ಸೂಚನೆಗೆ ಮೀಸಲಿಟ್ಟು, ಚಿಪ್ಪಿನೊಳಗಿನ ಪುಲ್-ಅಪ್ ರೋಧಕವನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಪಿನ್ ತೂಗಾಡುತ್ತಿದ್ದು ಸುಳ್ಳು ಕರೆ ಬರುತ್ತದೆ.

2. ಪಿನ್ನಿನ ಸ್ಥಿತಿ ಬದಲಾದಾಗ ಎಬ್ಬಿಸುವ ಇಂಟರಪ್ಟನ್ನು ಹಾಕಿ, ಹಳೆಯ ಕರೆ ಉಳಿದಿದ್ದರೆ ಅಳಿಸಬೇಕು.

3. ಮಲಗುವ ಮುನ್ನ ಅನಲಾಗ್ ಅಳತೆಯ ಭಾಗವನ್ನು ಆರಿಸಬೇಕು. ಮರೆತರೆ ನಿದ್ರೆಯಲ್ಲೂ ಅದು ವಿದ್ಯುತ್ ತಿನ್ನುತ್ತದೆ.

4. ಎಚ್ಚರವಾದೊಡನೆ ಇಂಟರಪ್ಟಿನೊಳಗೆ ಒಂದು ಗುರುತು ಮಾತ್ರ ಹಾಕಿ ಹೊರಬರಬೇಕು. ಮುಖ್ಯ ಕಾರ್ಯಕ್ರಮವು 20 ಮಿಲಿಸೆಕೆಂಡ್ ತಾಳಿ ಪಿನ್ನನ್ನು ಮತ್ತೊಮ್ಮೆ ಓದಿ, ನಿಜವೆಂದಾದರೆ ಕೆಲಸ ಮಾಡಿ ಮತ್ತೆ ಮಲಗಬೇಕು.

ಈ ನಾಲ್ಕನೆಯದು ಮುಖ್ಯ. ಸ್ವಿಚ್ಚಿನ ತುದಿಗಳು ಕೂಡುವಾಗ ಅದುರುತ್ತವೆ. ಒಂದು ಕರೆ ಮೂರಾಗಿ ಎಣಿಕೆಯಾದೀತು. ಉದ್ದ ತಂತಿಯಾದರೆ ಪಂಪ್‌ಸೆಟ್ ಚಾಲೂ ಆದಾಗಲೂ ಚಿಪ್ಪು ಎದ್ದೀತು.

ನಮ್ಮ ಹುಡುಗ ಇನ್ನೊಂದು ಕಡೆ ಎಡವಿದ. ಪಿನ್ "ಕೆಳಮಟ್ಟದಲ್ಲಿ ಇರುವವರೆಗೂ" ಎಬ್ಬಿಸುವ ಬಗೆಯನ್ನು ಮೊದಲು ಆರಿಸಿದ್ದ. ನೀರು ರಾತ್ರಿಯಿಡೀ ನಿಂತಿತು, ಸ್ವಿಚ್ ಮುಚ್ಚಿಯೇ ಇತ್ತು, ಚಿಪ್ಪು ಮಲಗಲೇ ಇಲ್ಲ. ಚಿಲಕ ಬಡಿಯುವವನು ಬಡಿಯುತ್ತಲೇ ಇದ್ದಂತೆ. "ಬದಲಾದಾಗ" ಎಂಬ ಬಗೆಗೆ ತಿರುಗಿಸಿದ ಮೇಲೆ ನೀರು ಬಂದಾಗ ಒಮ್ಮೆ, ಇಳಿದಾಗ ಒಮ್ಮೆ ಎದ್ದು ಬರೆದುಕೊಳ್ಳುತ್ತದೆ. ಗಾಢ ನಿದ್ರೆಯಲ್ಲಿ ಚಿಪ್ಪಿನ ಗಡಿಯಾರವೂ ನಿಲ್ಲುವುದರಿಂದ ವೇಳೆ ಹೇಳಲು ಡಿಎಸ್ 3231ರಂಥ ಪ್ರತ್ಯೇಕ ಗಡಿಯಾರ ಚಿಪ್ಪು ಬೇಕು.

ಇನ್ನು ನಮ್ಮ ತೋಟಕ್ಕೆ ಬರೋಣ. ತೂಗುಬಟ್ಟಲಿನ ಮಳೆಮಾಪಕದಲ್ಲಿ ಬಟ್ಟಲು ತುಂಬಿ ಮಗುಚಿದಾಗ ಅದರ ಆಯಸ್ಕಾಂತ ರೀಡ್ ಸ್ವಿಚ್ಚಿನ ಎದುರು ಹಾದುಹೋಗುತ್ತದೆ. ಅದೇ ಚಿಲಕ. ಸ್ವಿಚ್ ಮುಚ್ಚಿದ್ದನ್ನು ಮಾತ್ರ ಎಣಿಸಬೇಕು. ತೆರೆದದ್ದನ್ನೂ ಸೇರಿಸಿದರೆ ಮಳೆ ಇಮ್ಮಡಿಯಾಗುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಆದರೆ ಒಂದಿಂಚು ಹೂಮಳೆಗೆ ಸುಮಾರು 127 ಮಗುಚು. ವರ್ಷಕ್ಕೆ 3000 ಮಿ.ಮೀ. ಬಿದ್ದರೂ 15,000 ಸಲ ಎಚ್ಚರ. ಸಲಕ್ಕೆ 30 ಮಿಲಿಸೆಕೆಂಡ್ ಎಂದರೆ ವರ್ಷಕ್ಕೆ ಒಟ್ಟು ಏಳೂವರೆ ನಿಮಿಷದ ಕೆಲಸ!

ಮಾಪಕವನ್ನು ಪರೀಕ್ಷಿಸುವುದು ಸುಲಭ. ಬಾಯಿ 200 ಮಿ.ಮೀ. ವ್ಯಾಸದ್ದಾದರೆ 628 ಮಿ.ಲೀ. ನೀರನ್ನು ಹನಿಹನಿಯಾಗಿ ಬಿಟ್ಟಾಗ 100 ಮಗುಚು ಬರಬೇಕು. ಜಡಿಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿನ ನೀರು ಲೆಕ್ಕಕ್ಕೆ ಸಿಗದೆ ಎಣಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಎಲೆ ಬಿದ್ದು ಆಲಿಕೆ ಕಟ್ಟಿದರಂತೂ ಯಾವ ಚಿಪ್ಪೂ ಸಹಾಯಕ್ಕೆ ಬಾರದು.

ಇದರಿಂದ ಪ್ರಯೋಜನವೇನು? ಮೇಲಿನ ಪಟ್ಟೆಗೆ ಒಂದಿಂಚು ಬಿದ್ದು ಕೆಳಗಿನ ಪಟ್ಟೆಗೆ ನಲವತ್ತೇ ಸೆಂಟು ಬಿದ್ದಿದ್ದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೇ ಎಂಬುದು ಅಂದೇ ತಿಳಿಯುತ್ತದೆ. ಇನ್ನೊಂದು ಮಾತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಪರಿಹಾರ ನಿರ್ಧಾರವಾಗುವುದು ಹವಾಮಾನದ ಅಂಕಿಗಳ ಮೇಲೆ; ಕಣ್ಣಾರೆ ಕಂಡ ಕೊಳೆಯ ಮೇಲಲ್ಲ. ನಮ್ಮ ಮನೆಯ ಮಾಪಕ ಆ ಅಂಕಿಗೆ ಬದಲಿಯಾಗದು, ನಿಜ. ಆದರೆ ಅಂಕಿ ತಪ್ಪಿದೆಯೆಂದು ತೋರಿದಾಗ ಬರಿಗೈಯಲ್ಲಿ ಹೋಗಿ ವಾದಿಸುವುದಕ್ಕೂ ಹತ್ತು ತೋಟಗಳ ದಿನವಹಿ ಲೆಕ್ಕ ಹಿಡಿದು ಹೋಗುವುದಕ್ಕೂ ವ್ಯತ್ಯಾಸವುಂಟು. ಮಸ್ಕಿಯ ಹೊಲದಲ್ಲಿ ನಾನು ಕಲಿತದ್ದು ಇದನ್ನೇ.

ಒಂದು ಮಾದರಿಯನ್ನು ಸಂಘದ ಕಚೇರಿಯಲ್ಲಿ ಇಡಲಾಗಿದೆ. ಆಸಕ್ತ ಸದಸ್ಯರು ಸಂತೆಯ ದಿನ ಬಂದು ನೋಡಬಹುದು. ಓದುವ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಅವರಿಗೆ ನಮಗಿಂತ ಬೇಗ ತಿಳಿಯುತ್ತದೆ.

— ಕಾರ್ಯದರ್ಶಿ