ದುರ್ವಾಸನೆ ಮರದ ಮದ್ದು

ಸಹ್ಯಾದ್ರಿ ಕಾಡುಗಳಲ್ಲಿ ಒಂದು ಸಣ್ಣ ಮರವಿದೆ. ಕನ್ನಡದಲ್ಲಿ ದುರ್ವಾಸನೆ ಮರ ಅಂತಾರೆ, ಮರಾಠಿಯಲ್ಲಿ ನರಕ್ಯಾ. ಹೂ ಬಿಟ್ಟಾಗ ಅಷ್ಟು ನಾತ. ಇದರ ಕಟ್ಟಿಗೆಯಲ್ಲಿ ಕ್ಯಾನ್ಸರಿನ ಮದ್ದಿದೆ ಎಂದರೆ, "ಹಾಗಾದರೆ ಕಷಾಯ ಮಾಡಿ ಕುಡಿದರಾಯ್ತು" ಅನ್ನೋರು ನಮ್ಮಲ್ಲಿ ಕಮ್ಮಿಯೇನಿಲ್ಲ. ಗೆಳೆಯರೇ, ಕುಡಿಯಬಾರದು.

1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್, ಮನ್ಸುಖ್ ವಾಣಿ ಮತ್ತು ಸಂಗಡಿಗರು ಚೀನಾದ ಒಂದು ಮರದಿಂದ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಈ ವಾಣಿಯವರು ನಮ್ಮ ಮಹಾರಾಷ್ಟ್ರದ ನಂದುರ್ಬಾರಿನವರು, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದೇ ವಸ್ತು ದುರ್ವಾಸನೆ ಮರದಲ್ಲೂ ಧಾರಾಳವಾಗಿದೆ ಎಂದು 1972ರಲ್ಲಿ ತೋರಿಸಿಕೊಟ್ಟವರು ಸೀಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಆ ಕೇಂದ್ರ ಇದ್ದದ್ದು ಎಲ್ಲಿ ಅಂತೀರಿ? ಗೋರೆಗಾಂವ್‌ನಲ್ಲಿ! ಅಂಬರನಾಥದಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿದರೆ ಆಯ್ತು.

ಅದು ಕೆಲಸ ಮಾಡುವ ರೀತಿ ಹೀಗೆ. ಜೀವಕೋಶ ಎರಡಾಗುವ ಮುನ್ನ ಅದರೊಳಗಿನ ಡಿ.ಎನ್.ಎ. ಎಂಬ ಹುರಿಯ ನಕಲು ಆಗಬೇಕು. ಆಗ ಹುರಿ ಬಿಗಿದು ಸಿಕ್ಕಾಗದಂತೆ ಒಂದು ಕಿಣ್ವ ಅದರ ಒಂದೆಳೆಯನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೋಥೆಸಿನ್ ಆ ಕಿಣ್ವವನ್ನು ಕತ್ತರಿಸಿದ ಜಾಗದಲ್ಲೇ ಹಿಡಿದು ನಿಲ್ಲಿಸಿಬಿಡುತ್ತದೆ, ಜೋಡಿಸೋಕೆ ಬಿಡೋದಿಲ್ಲ. ಕೋಶ ಸಾಯುತ್ತದೆ. ಇದು ತಿಳಿದದ್ದು 1985ರಲ್ಲಿ. ಕ್ಯಾನ್ಸರ್ ಕೋಶಗಳು ಬೇಗಬೇಗ ಎರಡಾಗುವುದರಿಂದ ಅವಕ್ಕೆ ಪೆಟ್ಟು ಹೆಚ್ಚು. ಆದರೆ ಕರುಳಿನ ಒಳಪೊರೆ, ಎಲುಬಿನ ಮಜ್ಜೆಯ ಕೋಶಗಳೂ ಅಂಥವೇ. ಮದ್ದಿಗೆ ನಮ್ಮವರು, ಪರರು ಅನ್ನೋ ಭೇದ ಗೊತ್ತಿಲ್ಲ.

ಇನ್ನೊಂದು ತೊಡಕು, ಇದು ನೀರಿನಲ್ಲಿ ಸರಿಯಾಗಿ ಕರಗದು. 1970ರ ಸುಮಾರಿಗೆ ಅಮೆರಿಕದಲ್ಲಿ ಇದನ್ನು ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟು ನೋಡಿದರು. ಲವಣವಾಗುವಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಶಕ್ತಿ ಕುಂದಿತು. ಮೂತ್ರದ ಆಮ್ಲ ಸೋಕಿದೊಡನೆ ಅದೇ ಉಂಗುರ ಮತ್ತೆ ಕೂಡಿಕೊಳ್ಳುತ್ತಿತ್ತು. ಗೆಡ್ಡೆಗೆ ತಾಗಬೇಕಾದ ಪೆಟ್ಟು ಮೂತ್ರಕೋಶಕ್ಕೆ ತಾಗಿ ರಕ್ತ ಹೋಗತೊಡಗಿತು. ಪ್ರಯೋಗ ನಿಲ್ಲಿಸಿದರು. ಮುಂದೆ ಅಣುವನ್ನೇ ತಿದ್ದಿ ಮಾಡಿದ ಟೋಪೋಟೆಕಾನ್, ಇರಿನೋಟೆಕಾನ್ ಮದ್ದುಗಳಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಮೂವತ್ತು ವರ್ಷ ಹಿಡಿದ ಈ ತಿದ್ದುಪಡಿಯನ್ನು ಒಲೆಯ ಮೇಲಿನ ಪಾತ್ರೆ ಮಾಡಲಾರದು.

ನಾನು ಕಾಮರ್ಸಿನವನು, ಲೆಕ್ಕಕ್ಕೆ ಬರುತ್ತೇನೆ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸಿಗುವುದು ಸುಮಾರು ಒಂದೆರಡು ಗ್ರಾಂ. ಬೇಡಿಕೆ ಏರಿತು, ಘಟ್ಟದಲ್ಲಿ ಮರ ಉರುಳಿತು. ಬೇರಿನಲ್ಲೂ ಮದ್ದಿರುವುದರಿಂದ ಬುಡವನ್ನೂ ಬಿಡಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಅವರ ತಂಡ, ಹೆಚ್ಚು ಮದ್ದಿರುವ ಮರಗಳನ್ನು ಹುಡುಕುವುದರ ಜೊತೆಗೆ, ಮರದೊಳಗೆ ಬದುಕುವ ಶಿಲೀಂಧ್ರಗಳನ್ನೂ ಪರೀಕ್ಷಿಸಿತು. ಅವೂ ಈ ವಸ್ತುವನ್ನು ಮಾಡುತ್ತವೆ! ಮರ ಕಡಿಯದೆ ಪಾತ್ರೆಯಲ್ಲೇ ಬೆಳೆಸಬಹುದಲ್ಲ ಎಂಬ ಆಸೆ ಹುಟ್ಟಿತು. ಆದರೆ ಮರದಿಂದ ಹೊರತಂದು ಮತ್ತೆ ಮತ್ತೆ ಬೆಳೆಸಿದಂತೆ ಶಿಲೀಂಧ್ರ ಆ ಕೆಲಸ ಕಡಿಮೆ ಮಾಡುತ್ತಾ ಬರುತ್ತದೆ.